ನಮ್ಮ ಓಣಿಯ ಕ್ವಾಂಟಮ್ ನೀರು

"ವೈನಿ, ಇನ್ನ ಮ್ಯಾಲೆ ನೀರಿನ ಚಿಂತೀನ ಬಿಟ್ಟಬಿಡ್ರಿ!" ಎಂದು ಕುಂದಗೋಳ ಸರ್ ಹಳೆಯ ಚಾದರ ಸರಿಸಿ ತಮ್ಮ ಹೊಸ ಯಂತ್ರವನ್ನು ತೋರಿಸಿದರು. ನೋಡಿದರೆ ಐಸ್‌ಕ್ರೀಮ್ ಮಾರುವ ಪೆಟ್ಟಿಗೆ! ಮೇಲೊಂದು ಟಿವಿ, ಸುತ್ತಲೂ ಶಾವಿಗೆಯಂತೆ ವೈರುಗಳು.

ಸರ್ ನಮ್ಮ ಪಕ್ಕದ ಮನೆಯವರು. ಧಾರವಾಡದಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಇಡೀ ಓಣಿಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದಾರೆ. ಹೋದ ವರ್ಷ ಅವರ ಚಪಾತಿ ಯಂತ್ರ ಮೊಟ್ಟಮೊದಲು ಲಟ್ಟಿಸಿದ್ದು ನಮ್ಮ ಯಜಮಾನರ ಕನ್ನಡಕವನ್ನು!

ಆದರೆ ಈ ಸಲ ನಾನು ನಗಲಿಲ್ಲ. ನಮ್ಮ ಓಣಿಗೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಎಷ್ಟು ಹೊತ್ತಿಗೆ ಎಂಬುದು ವಾಲ್ವ್ ತಿರುಗಿಸುವ ಫಕ್ಕೀರಪ್ಪನಿಗೂ ಗೊತ್ತಿರುವುದಿಲ್ಲ. ಗುರುವಾರ ನನ್ನ ಮಗಳು ಅರುಂಧತಿಯ ನಿಶ್ಚಯ. ಬೀಗರ ಕಡೆಯಿಂದಲೇ ನಲವತ್ತು ಮಂದಿ ಬರುವವರಿದ್ದರು. ಮನೆಯಲ್ಲಿ ಉಳಿದಿದ್ದು ಎರಡು ಕೊಡ ನೀರು. ನನಗೆ ಅಳುವೇ ಬಂದಿತ್ತು.

"ಇದು ಕ್ವಾಂಟಮ್ ಯಂತ್ರ ವೈನಿ! ಆಗಬಹುದಾದ್ದನ್ನೆಲ್ಲಾ ಒಮ್ಮೆಗೇ ತಲ್ಯಾಗ ಇಟಗೊಂಡು ವಿಚಾರ ಮಾಡತದ. ಮ್ಯಾಲೆ ತಾನ ಕಲೀತದ! ಅದರ ಪ್ರಕಾರ ಈಗ ನಿಮ್ಮ ನಳದಾಗ ನೀರು ಅದನೂ ಅದ, ಇಲ್ಲನೂ ಇಲ್ಲ."

"ಅದು ಮೊದಲಿಂದನೂ ಹಂಗ ಅದ ಬಿಡ್ರಿ ಸರ" ಎಂದೆ.

"ಇದಕ್ಕ ಪಾಠ ಮಾಡಿದ್ದು ನಮ್ಮ ಮನಿಯವಳ ಹತ್ತು ವರ್ಷದ ಕ್ಯಾಲೆಂಡರ್! ನೀರು ಬಂದ ದಿವಸ ಎಲ್ಲಾ ಅದರಾಗ ಬರದಾಳ."

ಅವರ ಹೆಂಡತಿ ಸುಮಿತ್ರಕ್ಕ ಅಡುಗೆಮನೆಯಿಂದ ಧಾವಿಸಿ ಬಂದರು. "ಅಯ್ಯ, ನನ್ನ ಕ್ಯಾಲೆಂಡರ್ ಯಾಕ ಮುಟ್ಟಿದ್ರಿ? ಅದರಾಗ ನಾ..."

"ನೀ ಸುಮ್ಮನಿರು, ಇಲ್ಲೆ ವಿಜ್ಞಾನ ನಡದದ!"

ಸರ್ ಓಣಿಯ ಎರಡೂ ತುದಿಗೆ ಕ್ಯಾಮೆರಾ ಹಚ್ಚಿದರು. ವಾಲ್ವಿಗೆ ಮೋಟಾರು ಕೂಡಿಸಿ, ಅದರ ಲಗಾಮನ್ನೂ ಯಂತ್ರದ ಕೈಗೆ ಕೊಟ್ಟರು. ದಿನಕ್ಕೆ ನೂರು ಜನರ ಫೋನಿಗೆ ಉತ್ತರ ಕೊಟ್ಟು ಸುಸ್ತಾಗಿದ್ದ ಫಕ್ಕೀರಪ್ಪ ಖುಷಿಯಾಗಿ, ವಾಲ್ವ್ ತಿರುಗಿಸುವ ಸರಳನ್ನೂ ಹೊತ್ತುಕೊಂಡು ಅತ್ತೆಯ ಊರಿಗೆ ಹೊರಟುಹೋದ.

ಮಂಗಳವಾರ ನೀರಿಲ್ಲ. ಬುಧವಾರ ನೀರಿಲ್ಲ. ಗುರುವಾರ ಬೆಳಿಗ್ಗೆ ಖಾಲಿ ಕೊಡ ಹಿಡಿದು ಸರ್ ಮನೆಗೆ ನುಗ್ಗಿದೆ. ಟಿವಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: "ಓಣಿಯಲ್ಲಿ ಜನ ಇದ್ದಾರೆ. ನೀರು ಬಿಡುವುದಿಲ್ಲ!"

"ಸರ, ಇದೇನ್ರಿ?"

ಸುಮಿತ್ರಕ್ಕ ಕ್ಯಾಲೆಂಡರನ್ನು ಗಂಡನ ಮುಂದೆ ಹಿಡಿದರು. "ಓದ್ರಿ! 'ಗದಗ ಮದುವಿಗೆ ಹೋಗಿದ್ವಿ, ನೀರು ಬಂದು ಹೋತು.' 'ತವರಮನಿಗೆ ಹೋಗಿದ್ದೆ, ನೀರು ಬಂದು ಹೋತು.' ಮನ್ಯಾಗ ಇದ್ದಾಗ ನೀರು ಬಂದ್ರ ಕೊಡಾ ತುಂಬಸ್ಲೋ, ಬರಕೋತ ಕೂಡ್ಲೋ? ತಪ್ಪಿಹೋದಾಗಷ್ಟ ಸಿಟ್ಟಿಗೆ ಬರದೀನಿ!"

ಅಂದರೆ, ಜನ ಮನೆಗೆ ಕೀಲಿ ಹಾಕಿಕೊಂಡು ಹೋದರೆ ಮಾತ್ರ ನೀರು ಬರುತ್ತದೆಂದು ಯಂತ್ರ ಕಲಿತುಬಿಟ್ಟಿತ್ತು!

ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಓಣಿಯ ಮನೆಮನೆಗೂ ಹೋಗಿ, ನಳ ಬಿಚ್ಚಿಸಿ, ಕೆಳಗೆ ಡ್ರಮ್ಮು ಇಡಿಸಿ, ಎಲ್ಲರನ್ನೂ ಹೊರಗೆ ಹಾಕಿ ಕೀಲಿ ಹಾಕಿಸಿದೆ. ನಮ್ಮ ಯಜಮಾನರು ಅರ್ಧ ಗಡ್ಡ ಹೆರೆದ ಮುಖದಲ್ಲೇ ಹೊರಟರು. ಇಡೀ ಓಣಿ ಆಚೆಯ ಬೇವಿನ ಗಿಡದ ಕೆಳಗೆ ಹೋಗಿ ಕೂತಿತು. ಎರಡೇ ನಿಮಿಷ! ಎಲ್ಲ ಮನೆಗಳಿಂದಲೂ ಸೊರಸೊರ ನೀರು ಸುರಿಯುವ ಸದ್ದು!

ಅದೇ ಹೊತ್ತಿಗೆ ಓಣಿಯ ಆ ತುದಿಯಿಂದ ಬೀಗರ ಟೆಂಪೊಗಳು ಬಂದು ನಮ್ಮ ಮನೆಯ ಮುಂದೆ ನಿಂತವು. ಬಾಗಿಲಿಗೆ ಕೀಲಿ! ನೀರೂ ಗಪ್ಪನೆ ನಿಂತಿತು.

"ನಿಶ್ಚಯದ ದಿವಸ ಮನಿಗೆ ಕೀಲಿ ಹಾಕ್ಯಾರ! ನಡೀರಿ, ಈ ಸಂಬಂಧನ ಬ್ಯಾಡ!" ಎಂದು ಹುಡುಗನ ಕಾಕಾ ಕೂಗಾಡತೊಡಗಿದರು. ಅರುಂಧತಿಯ ಮುಖ ಬಿಳಿಚಿಕೊಂಡಿತು. ನಾನು ಓಡಿಹೋಗಿ, ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿ, ಅತ್ತೇಬಿಟ್ಟೆ.

ಹುಡುಗನ ಅಜ್ಜಿ ಟೆಂಪೊದಿಂದ ನಿಧಾನವಾಗಿ ಇಳಿದರು. ನನ್ನನ್ನು ನೋಡಿದರು. ಬೆಳಿಗ್ಗೆಯಿಂದ ನನ್ನ ಕೈಯಲ್ಲೇ ಇದ್ದ ಖಾಲಿ ಕೊಡವನ್ನೂ ನೋಡಿದರು.

"ನಮ್ಮಲ್ಲೆ ಹನ್ನೊಂದು ದಿವಸಕ್ಕೊಮ್ಮೆ ಬರತದವ್ವಾ" ಎಂದು ನನ್ನ ಬೆನ್ನು ಸವರಿ, ಕೂಗಾಡುತ್ತಿದ್ದ ಮಗನ ಕಡೆ ತಿರುಗಿದರು. "ನೀರು ಬರೂ ಹೊತ್ತಿನ್ಯಾಗ ಸಿಟ್ಟು ಮಾಡತಾರೇನೋ? ನಡೀರಿ ಎಲ್ಲಾರೂ, ಗಿಡದ ಕೆಳಗ!"

ಗಿಡದ ಕೆಳಗೇ ಜಮಖಾನೆ ಹಾಸಿದೆವು, ತಾಟು ಬದಲಿಸಿದೆವು, ಉಂಗುರ ತೊಡಿಸಿದೆವು. ಆ ಕಡೆ ಡ್ರಮ್ಮುಗಳು ತುಂಬುತ್ತಿದ್ದವು. ನಾನು ಮತ್ತೊಮ್ಮೆ ಅತ್ತೆ, ಈ ಸಲ ಸಂತೋಷಕ್ಕೆ. ಓಣಿಯ ತುದಿಯ ಕ್ಯಾಮೆರಾ ಇದೆಲ್ಲವನ್ನೂ ಕಣ್ಣು ಮಿಟುಕಿಸದೆ ನೋಡುತ್ತಿತ್ತು.

ಮುಂದಿನ ಗುರುವಾರ ಎಲ್ಲರೂ ಶಿಸ್ತಾಗಿ ಕೀಲಿ ಹಾಕಿ ಗಿಡದ ಕೆಳಗೆ ಕೂತೆವು. ಒಂದು ತಾಸಾಯಿತು, ಹನಿ ನೀರಿಲ್ಲ! ಸರ್ ಹೋಗಿ ನೋಡಿದರೆ ಟಿವಿಯ ಮೇಲೆ, "ನಿಶ್ಚಿತಾರ್ಥ ಎಲ್ಲಿ?"

"ನೋಡ್ರಿ, ಹೆಂಗ ಕಲೀತದ!" ಎಂದು ಸರ್ ಕುಣಿದಾಡಿದರು. ಫಕ್ಕೀರಪ್ಪನಿಗೆ ಫೋನ್ ಮಾಡಿದರೆ, "ಮಶೀನು ಭಾರೀ ಐತ್ರಿ, ಅದ ಇರಲಿ" ಎಂದು ಇಟ್ಟುಬಿಟ್ಟ.

ಓಣಿಯಲ್ಲಿ ಮದುವೆಯ ವಯಸ್ಸಿಗೆ ಬಂದ ಮಕ್ಕಳು ಇನ್ನಾರೂ ಉಳಿದಿರಲಿಲ್ಲ. ಕೊನೆಗೆ ಮದುವೆಯಾದ ಮೂವತ್ತೆಂಟು ವರ್ಷಕ್ಕೆ ಸರ್ ಮತ್ತು ಸುಮಿತ್ರಕ್ಕನ ನಿಶ್ಚಯ ಮತ್ತೆ ನಡೆಯಿತು. ಇನ್ನೆಂದೂ ಕ್ಯಾಲೆಂಡರ್ ಮುಟ್ಟುವುದಿಲ್ಲವೆಂದು ಗಂಡನಿಂದ ಆಣೆ ಮಾಡಿಸಿಕೊಂಡೇ ಸುಮಿತ್ರಕ್ಕ ಉಂಗುರಕ್ಕೆ ಬೆರಳು ಕೊಟ್ಟರು. ಮೂರು ತಾಸು ನೀರು ಬಂತು!

ಈ ಗುರುವಾರ ನಮ್ಮ ಸರದಿ. ನಮ್ಮ ಯಜಮಾನರು ವಿಚಾರ ಮಾಡಿ ಹೇಳುತ್ತೇನೆ ಅಂದಿದ್ದಾರೆ.