ಗಾಳಿಮೀಟರಿನ ಗಂಟೆ ಮತ್ತು ನನ್ನ ಕಾಫಿ

ಹೇಳದೆ ಬರುವ ನೆಂಟರನ್ನು ನಗುನಗುತ್ತ ಎದುರುಗೊಳ್ಳುವ ಗೃಹಿಣಿಯರೆಂದರೆ ನನಗೆ ಬಹಳ ಗೌರವ. ನನಗೂ ಹೊನ್ನಾವರದಲ್ಲಿ ಅಂಥದೇ ಹೆಸರಿತ್ತು. ಆದರೆ ಆ ಪುಣ್ಯವೆಲ್ಲ ಸಲ್ಲಬೇಕಾದದ್ದು ನಮ್ಮ ಪೆಟ್ರೋಲ್ ಪಂಪಿನ ಗಾಳಿಮೀಟರಿಗೆ. ಪಂಪು ರಸ್ತೆಗೆ ಮುಖ ಮಾಡಿದರೆ ನಮ್ಮ ಅಡುಗೆಮನೆ ಅದರ ಬೆನ್ನಿಗೇ ಇದೆ. ಈ ಮೀಟರೆಂದರೆ ಆಳೆತ್ತರದ ಕಬ್ಬಿಣದ ಕಂಬ, ತಲೆಯಲ್ಲಿ ಅಂಕಿ ಕಾಣುವ ಕಿಂಡಿ, ಪಕ್ಕಕ್ಕೊಂದು ಹಿಡಿಕೆ. ಹಿಡಿಕೆ ತಿರುಗಿಸಿ ಬೇಕಾದ ಅಂಕಿಗೆ ನಿಲ್ಲಿಸಿದರೆ ಟೈರು ತುಂಬುವವರೆಗೂ ಟಿಣ್ ಟಿಣ್ ಎನ್ನುತ್ತದೆ, ತುಂಬಿದೊಡನೆ ಸುಮ್ಮನಾಗುತ್ತದೆ. ಸಾಕಾದಾಗ ನಿಲ್ಲಿಸುವ ಈ ಗುಣ ಮನುಷ್ಯರಲ್ಲೂ ಕಾಣೆ. ಗಂಟೆ ಎಳೆದೆಳೆದು ಬಾರಿಸಿದರೆ ಲಾರಿ, ಚುಟುಕಾಗಿ ಮುಗಿದರೆ ಕಾರು. ಕಾರೆಂದರೆ ಹೆಚ್ಚಾಗಿ ನೆಂಟರೇ; ಮೊದಲು ಪುಕ್ಕಟೆ ಗಾಳಿ, ಆಮೇಲೆ ಕಾಫಿ ಎಂಬುದು ನಮ್ಮವರ ಕ್ರಮ. ಅಷ್ಟರೊಳಗೆ ನಾನು ಸೀರೆ ಬದಲಿಸಿ ಒಲೆಯ ಮೇಲೆ ನೀರಿಟ್ಟಾಗಿರುತ್ತಿತ್ತು.

ಇಂಥ ಗಂಟೆ ಒಂದು ದಿನ ಮೂಕವಾಯಿತು. ಹಿಡಿಕೆಯ ಹಿಂದಿನ ಹಿತ್ತಾಳೆ ಹಲ್ಲುಚಕ್ರ ಮುರಿದಿತ್ತು. ಆ ವಾರವೇ ಕುಮಟೆಯ ದೊಡ್ಡತ್ತೆ ಕಾರಿನಲ್ಲಿ ಬಂದಿಳಿಯಬೇಕೆ! ನಾನು ಮೊಣಕೈವರೆಗೆ ಸಗಣಿ ಮಾಡಿಕೊಂಡು ಅಂಗಳ ಸಾರಿಸುತ್ತಿದ್ದೆ. "ಕಾನ್ವೆಂಟಿನ ಸಿಸ್ಟರುಗಳು ನಿಂಗೆ ಇದನ್ನೂ ಕಲಿಸಿದ್ರನೇ ಮಾರಾಯ್ತಿ?" ಎಂದರು. ಹೊರಡುವಾಗ, "ಮುಂದಿನ ತಿಂಗಳು ಹೊಸ ಬೀಗರನ್ನೂ ಕರಕೊಂಡು ಬತ್ತೆ, ಆತಾ?" ಎಂದು ಬೆದರಿಸಿಯೇ ಹೋದರು.

ನಮ್ಮ ಯಜಮಾನರ ತಾಳ್ಮೆಯನ್ನು ನಾನು ಮೆಚ್ಚಿದ್ದು ಆಗಲೇ. ಮುರಿದ ಚಕ್ರವನ್ನು, ಮಗುವಿನ ಬಿದ್ದ ಹಲ್ಲನ್ನು ಕಟ್ಟಿದಂತೆ ಕರವಸ್ತ್ರದಲ್ಲಿ ಕಟ್ಟಿಕೊಂಡು ಕುಮಟೆಯೆಲ್ಲ ಸುತ್ತಿ ಭಟ್ಕಳಕ್ಕೂ ಹೋದರು. ಅಲ್ಲಿನ ಗುಜರಿ ಅಂಗಡಿಯ ಸಾಹೇಬರು ಅದನ್ನು ಬೆಳಕಿಗೆ ಹಿಡಿದು, "ಯಾವ ಕಂಪನಿ, ಎಂತ ನಂಬರು?" ಎಂದರಂತೆ. ಇವರಿಗೇನು ಗೊತ್ತು? "ಹಲ್ಲು ನೋಡಿ ಹೇಳಿ ಸಾಹೇಬರೇ." "ಹಲ್ಲು ನೋಡಿ ಎಮ್ಮೆ ತಗೊಳ್ಳಬಹುದು ಮಾರಾಯರೇ, ಮಷಿನು ಆಗೂದಿಲ್ಲ!"

ಕಂಪನಿಯ ಹೆಸರು, ನಂಬರಿದ್ದ ತಗಡು ಮೀಟರಿನ ಎದೆಯ ಮೇಲೇ ಇತ್ತು. ಆದರೆ ವರ್ಷವರ್ಷವೂ ಆಯುಧಪೂಜೆಗೆ ಇವರು ಅದಕ್ಕೆ ಭಕ್ತಿಯಿಂದ ಹೊಸ ಬಣ್ಣ ಬಳಿದೂ ಬಳಿದೂ ಅಕ್ಷರಗಳೆಲ್ಲ ಹೂತುಹೋಗಿದ್ದವು. ನಾನು ಸೀಮೆಎಣ್ಣೆ ಬಟ್ಟೆ, ಗರಟೆ ಚೂರು ಹಿಡಿದು ಕೂತೆ. ಹಸಿರಿನ ಕೆಳಗೆ ಕೆಂಪು, ಕೆಂಪಿನ ಕೆಳಗೆ ನೀಲಿ. ನಡುವೆ ಯಾವುದೋ ಪೂಜೆಯ ಕುಂಕುಮ ಹಾಗೇ ಒಣಗಿತ್ತು. ಕೊನೆಗೆ ಪುಟ್ಟ ಇಂಗ್ಲಿಷ್ ಅಕ್ಷರಗಳು ಕಣ್ಣುಬಿಟ್ಟವು. ನಾನು ಶಾಲೆಯ ಪ್ರಾರ್ಥನೆಯಂತೆ ಗಟ್ಟಿಯಾಗಿ ಓದಿದೆ. "ಅಂತೂ ಕಾನ್ವೆಂಟು ಪಂಪಿಗೂ ಉಪಯೋಗಕ್ಕೆ ಬಂತು," ಎಂದರು ಇವರು.

ಹೆಸರು, ನಂಬರು ತಿಳಿದ ಮೇಲೆ ಸಾಹೇಬರು ಗೋಣಿಚೀಲಗಳಡಿಯಿಂದ ಅದೇ ಜಾತಿಯ ಮುರುಕು ಮೀಟರೊಂದನ್ನು ಎಳೆದು ತೆಗೆದರಂತೆ. ಅದರ ಚಕ್ರ ನಮ್ಮ ಮೀಟರಿನಲ್ಲಿ ಹುಟ್ಟಿದ್ದೇ ಇದಕ್ಕೆಂಬಂತೆ ಕೂತಿತು. ದೊಡ್ಡತ್ತೆ ಬೀಗರೊಂದಿಗೆ ಬಂದ ದಿನ ಗಂಟೆ ಚುಟುಕಾಗಿ ಬಾರಿಸಿತು. ನಾನು ಇಸ್ತ್ರಿಯ ಸೀರೆಯುಟ್ಟು, ಕಾಫಿ ಲೋಟಗಳೊಂದಿಗೆ ಬಾಗಿಲಲ್ಲಿದ್ದೆ. "ನಿಂಗೆ ಕನಸು ಬಿದ್ದಿತ್ತನೇ?" ಎಂದು ಅವರು ಬೆರಗಾದರು. ಗುಟ್ಟು ನನ್ನೊಬ್ಬಳದೇ ಎಂದು ಒಳಗೊಳಗೇ ಬೀಗಿದೆ.

ಮರುದಿನ ಮಧ್ಯಾಹ್ನ ಮತ್ತೆ ಟಿಣ್ ಟಿಣ್, ಚುಟುಕು. ಸೀರೆ ಬದಲಿಸಿ, ಕಾಫಿ ಸೋಸಿಕೊಂಡು ಹೊರಗೆ ಓಡಿದೆ. ಕಾರೂ ಇಲ್ಲ, ನೆಂಟರೂ ಇಲ್ಲ. ಯಜಮಾನರೊಬ್ಬರೇ ಹಳೇ ಟೈರೊಂದರ ಗಾಳಿ ಬಿಟ್ಟು ಮತ್ತೆ ತುಂಬಿಸುತ್ತ ಕೂತಿದ್ದರು. ನನ್ನನ್ನು ನೋಡಿ ತಣ್ಣಗೆ ಕೈ ಚಾಚಿದರು: "ಕಾಫಿ ಆತಾ?"