ಒದ್ದೆ ಬಟ್ಟೆಯ ಬೆಲೆ

ಮೇಲಿನ ಮನೆಯ ಹೆಡ್‌ಮೇಡಂ ಸೋಮವಾರ ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ನೀರು ಬರಲಿಲ್ಲ. ಬಂದಾಗ ಬರಲಿ ಎಂದು ನಲ್ಲಿಯನ್ನು ಹಾಗೆಯೇ ಬಿಟ್ಟು ತಂಗಿಯ ಮನೆಗೆ ಹೋದರು. ನೀರು ಹನ್ನೊಂದಕ್ಕೆ ಬಂತು. ಹೆಡ್‌ಮೇಡಂ ಸಂಜೆ ಆರಕ್ಕೆ ಬಂದರು. ನಡುವಿನ ಏಳು ಗಂಟೆ ಆ ನೀರು ಕೆಳಗಿನ ಮನೆಗೆ ದಾರಿ ಹುಡುಕಿಕೊಂಡು, ಬೇರೆ ಎಲ್ಲೂ ಒಂದು ಹನಿ ಬೀಳದೆ, ಪ್ರೂಫ್ ರೀಡರರ ಬಟ್ಟೆ ಬೀರುವಿನ ನೆತ್ತಿಯ ಮೇಲೆ ಅಭಿಷೇಕ ಮಾಡಿದ ಹಾಗೆ ಇಳಿಯಿತು.

ಪ್ರೂಫ್ ರೀಡರು ಒಂದು ಹಳೆಯ ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುತ್ತಿದ್ದ ಸಣ್ಣ ಆಳು. ಮಾತು ಕಡಿಮೆ. ತಪ್ಪು ಕಂಡರೆ ಮಾತ್ರ ಕೈ ತುರಿಸುತ್ತಿತ್ತು. ಆ ಕಟ್ಟಡದ ಹನ್ನೆರಡು ಮನೆಗಳಲ್ಲಿ ಅವರು ತಿದ್ದದ ಅರ್ಜಿಯಿಲ್ಲ, ಓದಿ ನೋಡದ ಆಹ್ವಾನಪತ್ರವಿಲ್ಲ. ಇದಕ್ಕೆಲ್ಲ ಅವರು ತೆಗೆದುಕೊಳ್ಳುತ್ತಿದ್ದದ್ದು ಒಂದು ಲೋಟ ಚಹಾ. ಹಾಗಾಗಿ ಅವರ ಬೀರು ನೆನೆದ ಸುದ್ದಿ ಹಬ್ಬಿದಾಗ ಇಡೀ ಕಟ್ಟಡ ತನ್ನ ಮನೆಯದೇ ನೆನೆದಂತೆ ಮರುಗಿತು.

ಮನೆಗೆ ವಿಮೆಯಿತ್ತು. ಕಟ್ಟಡದ ಸೆಕ್ರೆಟರಿಯವರು ಎಲ್ಲರ ಕೈಯಲ್ಲೂ ಒಟ್ಟಿಗೆ ಮಾಡಿಸಿದ್ದು. ಫೋನು ಮಾಡಿದರೆ ಕಂಪನಿಯವರು, "ಏನನ್ನೂ ಒಣಗಿಸಬೇಡಿ. ನಾಳೆ ಮೂರು ಗಂಟೆಗೆ ಬಟ್ಟೆಗೆ ಬೆಲೆ ಕಟ್ಟೋರು ಬರ್ತಾರೆ" ಎಂದರು. ಆದ್ದರಿಂದ ಮಂಗಳವಾರ ಬೆಳಿಗ್ಗೆ ಪ್ರೂಫ್ ರೀಡರು ಕೆಲಸಕ್ಕೆ ಹೋಗಲಿಲ್ಲ. ಹೋಗಲು ಬಟ್ಟೆ ಇರಲಿಲ್ಲ. ಪಟ್ಟೆಪಟ್ಟೆಯ ಪೈಜಾಮ, ಮೇಲೆ ಹೆಂಡತಿಯ ನೇರಳೆ ಸ್ವೆಟರ್ ಹಾಕಿಕೊಂಡು, ಒದ್ದೆ ಬಟ್ಟೆಯ ರಾಶಿಯ ಪಕ್ಕದಲ್ಲಿ ಆಸ್ಪತ್ರೆಯಲ್ಲಿ ಕಾಯುವವರ ಹಾಗೆ ಕೂತಿದ್ದರು.

ಹತ್ತು ಗಂಟೆಗೆ ಸೆಕ್ರೆಟರಿಯವರು ಬಂದರು. ಅವರ ಹೊಟ್ಟೆ ಒಳಗೆ ಬಂದ ಸ್ವಲ್ಪ ಹೊತ್ತಿಗೆ ಅವರು ಬಂದರು. ರಾಶಿಯಿಂದ ಒಂದು ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಬೆಳಕು ಸರಾಗವಾಗಿ ಈಚೆ ಬಂತು.

"ಪ್ರೂಫ್ ಸಾರ್, ಬೇಜಾರು ಮಾಡ್ಕೋಬೇಡಿ. ಇದನ್ನ ತೋರಿಸಿದ್ರೆ ಕಂಪನಿಯವರು ದುಡ್ಡು ಕೊಡಲ್ಲ, ಕರುಣೆ ಪಟ್ಟು ಹಳೇ ಅಂಗಿ ಕೊಟ್ಟು ಕಳಿಸ್ತಾರೆ."

"ಇರೋದೇ ಇವು" ಎಂದರು ಪ್ರೂಫ್ ರೀಡರು. "ಏಳು ಅಂಗಿ, ನಾಲ್ಕು ಪ್ಯಾಂಟು, ಒಂದು ಕೋಟು."

"ಆ ಕೋಟು ಯಾವಾಗಿಂದು?"

"ನಮ್ಮ ಮದುವೇದು" ಎಂದು ಹೆಂಡತಿ ಒಳಗಿನಿಂದ ಹೇಳಿದರು.

ಸೆಕ್ರೆಟರಿಯವರು ನಿಟ್ಟುಸಿರು ಬಿಟ್ಟು ಹೊರಗೆ ಹೋದರು. ಮರಳಿ ಬರುವಾಗ ಅವರ ತೋಳಿನ ಮೇಲೆ ಬೂದು ಬಣ್ಣದ ಉಣ್ಣೆಯ ಸೂಟಿತ್ತು. ಹಿಂದೆ ಹೆಡ್‌ಮೇಡಂ ಇದ್ದರು, ಕೈಯಲ್ಲಿ ಮಡಿಕೆ ಬಿಚ್ಚದ ರೇಷ್ಮೆ ಶಾಲು. ಅವರ ಹಿಂದೆ ಕೆಳಮಹಡಿಯ ಬ್ಯಾಂಡಿನವರು. ಅವರು ತುತ್ತೂರಿ ಊದುವ ಆಳು, ಬಾಗಿಲಿಗೆ ಅಡ್ಡ ನಿಂತರೆ ಕೋಣೆಗೆ ಕತ್ತಲು. ಭುಜದಲ್ಲಿ ಜರಿ ಪಟ್ಟಿ, ಎದೆಯ ಮೇಲೆ ಎರಡು ಸಾಲು ಹಿತ್ತಾಳೆ ಗುಂಡಿಯಿದ್ದ ಕೆಂಪು ಕೋಟನ್ನು ಮಗುವಿನ ಹಾಗೆ ಎತ್ತಿಕೊಂಡಿದ್ದರು.

"ಉಪಾಯ ಸರಳ" ಎಂದರು ಸೆಕ್ರೆಟರಿ. "ಇವನ್ನ ನೆನೆಸೋಣ. ಕಂಪನಿಯವರು ಬಂದು ನೋಡ್ಲಿ, ಬೆಲೆ ಬರ್ಕೊಳ್ಲಿ, ಹೋಗ್ಲಿ. ಒಣಗಿಸಿ ನಮ್ಮದು ನಮಗೆ ಕೊಡಿ. ದುಡ್ಡಲ್ಲಿ ನೀವು ನಾಲ್ಕು ಒಳ್ಳೇ ಬಟ್ಟೆ ಹೊಲಿಸ್ಕೊಳ್ಳಿ. ಯಾರಿಗೇನು ನಷ್ಟ?"

"ಆದರೆ ಇದು ಸುಳ್ಳಾಗುತ್ತಲ್ಲ."

"ಸುಳ್ಳಲ್ಲಪ್ಪ, ಅಚ್ಚಿನ ತಪ್ಪು ಅಂದ್ಕೋ" ಎಂದರು ಹೆಡ್‌ಮೇಡಂ. ನಲ್ಲಿಯ ಪಾಪ ಅವರನ್ನು ರಾತ್ರಿಯೆಲ್ಲ ನಿದ್ದೆ ಮಾಡಲು ಬಿಟ್ಟಿರಲಿಲ್ಲ. "ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳ್ಕೊಟ್ಟಿದೀನಿ. ಒಂದು ದಿನ ರಜೆ ತಗೋತೀನಿ."

ಹೆಂಡತಿ ಬಾಗಿಲಲ್ಲಿ ನಿಂತು, "ನಿಜವಾಗಿ ನೆನೆದಿರೋದು ಇವರ ಬಟ್ಟೆ ತಾನೇ? ಅದನ್ನೂ ತೋರಿಸಬಾರದಾ?" ಎಂದು ಕೇಳಿದರು.

"ಬೇಡ ಅಕ್ಕ" ಎಂದರು ಬ್ಯಾಂಡಿನವರು, ಬಹಳ ಮೆತ್ತಗೆ. "ಅವು ಪಕ್ಕದಲ್ಲಿದ್ರೆ ನಮ್ಮ ಬಟ್ಟೇನೂ ಬಡವಾಗಿ ಕಾಣುತ್ತೆ."

ಪ್ರೂಫ್ ರೀಡರು ಬೇಡವೆನ್ನಲು ಮೂರು ಸಲ ಬಾಯಿ ತೆರೆದರು. ಮೂರು ಸಲವೂ ಯಾರೋ ಅವರ ಕೈಗೆ ಏನೋ ಹಿಡಿಸಿದರು. ತಮ್ಮ ಅತ್ಯುತ್ತಮ ಬಟ್ಟೆಯನ್ನು ನೀರಿಗೆ ಹಾಕಲು ತಂದು ನಿಂತ ಮೂವರ ಮುಖಗಳನ್ನು ನೋಡಿದರೆ ಬೇಡ ಎನ್ನುವುದೇ ಕೃತಘ್ನತೆಯಂತೆ ಕಾಣುತ್ತಿತ್ತು. ಹನ್ನೆರಡಕ್ಕೆ ಪ್ರೂಫ್ ರೀಡರರದೇ ಅಂಗಿ, ಪ್ಯಾಂಟು, ಕೋಟು ಬಚ್ಚಲಿನ ಬಕೆಟ್ಟಿಗೆ ಹೋದವು. ನೆರೆಯವರ ಬಟ್ಟೆಗಳು ಟಬ್ಬಿಗೆ ಬಿದ್ದವು. ಟಬ್ಬಿನಲ್ಲಿ ಬೆಳಗಿನ ಸಾಬೂನು ನೀರು ಉಳಿದದ್ದನ್ನು ಯಾರೂ ಗಮನಿಸಲಿಲ್ಲ. ಕೋಟಿನ ಕೆಂಪು ನೀರಿಗೆ ಬಿಟ್ಟದ್ದನ್ನು ಮಾತ್ರ ಎಲ್ಲರೂ ಗಮನಿಸಿದರು. ಬೂದು ಸೂಟಿನ ಒಂದು ಕಾಲು ನಾಚಿಕೊಂಡ ಹಾಗೆ ಗುಲಾಬಿಯಾಯಿತು.

ಸೆಕ್ರೆಟರಿಯವರು ಅದನ್ನು ಎತ್ತಿ ನೋಡಿದರು. "ಒಳ್ಳೇದೇ ಆಯ್ತು. ಹಾನಿ ಎದ್ದು ಕಾಣಬೇಕು" ಎಂದರು. ಆಮೇಲೆ ಅವರೇ ವಿಮೆಯ ಫಾರಂನಲ್ಲಿ ಪಟ್ಟಿ ಬರೆದು, ಇವೆಲ್ಲ ಪ್ರೂಫ್ ರೀಡರರ ಸ್ವಂತ ಬಟ್ಟೆಗಳೆಂದು ಕೆಳಗೆ ಸಾಕ್ಷಿಯ ಸಹಿ ಹಾಕಿದರು. ಹೆಡ್‌ಮೇಡಂ ಎರಡನೆಯ ಸಾಕ್ಷಿ, ಬ್ಯಾಂಡಿನವರು ಮೂರನೆಯವರು. ಪ್ರೂಫ್ ರೀಡರು ಕೊನೆಗೆ ಸಹಿ ಹಾಕಿದರು. ಅದಕ್ಕೆ ಮೊದಲು 'ಉಣ್ಣೆ'ಯ ಬಿಟ್ಟುಹೋಗಿದ್ದ ಒತ್ತಕ್ಷರ ಸೇರಿಸಿದರು.

ಸರಿಯಾಗಿ ಮೂರಕ್ಕೆ ಬಾಗಿಲ ಕರೆಗಂಟೆ ಬಾರಿಸಿತು. ಬಂದವರು ತೆಳ್ಳಗಿನ, ನರೆತ ಕೂದಲಿನ ಹೆಂಗಸು. ಕೊರಳಿನ ದಾರಕ್ಕೆ ಒಂದು ಪುಟ್ಟ ಭೂತಗನ್ನಡಿ ಕಟ್ಟಿತ್ತು, ನೂಲಿನ ಎಳೆ ಎಣಿಸಲು. ಅವರ ಜೊತೆಗೆ ಬಂದಿದ್ದ ಡ್ರೈವರು ಕೆಳಗೆ ವ್ಯಾನಿನಲ್ಲೇ ಉಳಿದ. ಆಕೆ ಸ್ವೆಟರು ಪೈಜಾಮದ ಪ್ರೂಫ್ ರೀಡರರನ್ನು ಒಮ್ಮೆ ನೋಡಿ, ಮಾತಿಲ್ಲದೆ ನೆಲದ ಮೇಲೆ ಕೂತು ಕೆಲಸಕ್ಕೆ ತೊಡಗಿದರು. ಮೂವರು ಸಾಕ್ಷಿಗಳು ಸೋಫಾದ ಮೇಲೆ ಪರೀಕ್ಷೆಗೆ ಕೂತವರ ಹಾಗೆ ಸಾಲಾಗಿ ಕೂತರು.

ಆಕೆ ಸೂಟಿನ ತೋಳನ್ನು ಮೂಸಿದರು. "ನಿನ್ನೆ ನೆನೆದದ್ದಾ? ಸಾಬೂನಿನ ವಾಸನೆ ಇದೆ."

"ನಮ್ಮ ಮನೆ ನೀರು ಮೇಡಂ. ಸ್ವಚ್ಛವಾಗಿರುತ್ತೆ" ಎಂದರು ಹೆಡ್‌ಮೇಡಂ.

ಆಕೆ ಪ್ಯಾಂಟಿನ ಸೊಂಟವನ್ನು ಅಗಲಿಸಿ ಹಿಡಿದರು. ಅದರೊಳಗೆ ಪ್ರೂಫ್ ರೀಡರು ಗಂಡಹೆಂಡಿರಿಬ್ಬರೂ ನಿಲ್ಲಬಹುದಿತ್ತು.

"ಇತ್ತೀಚೆಗೆ ತುಂಬಾ ಇಳಿದುಹೋಗಿದಾರೆ" ಎಂದರು ಸೆಕ್ರೆಟರಿ, ಧ್ವನಿಯಲ್ಲಿ ಕಳವಳ ತುಂಬಿಕೊಂಡು.

ಕೆಂಪು ಕೋಟಿನ ಸರದಿ ಬಂತು. "ಒಂದು ಸಲ ಹಾಕ್ಕೊಂಡು ತೋರಿಸ್ತೀರಾ? ಭುಜದ ಹೊಲಿಗೆ ನೋಡಬೇಕು." ಪ್ರೂಫ್ ರೀಡರು ಹಾಕಿಕೊಂಡರು. ಕೋಟು ಮೊಣಕಾಲಿಗೆ ಬಂತು. ಕೈ ಎಲ್ಲಿ ಮುಗಿಯಿತೋ ಕಾಣಲಿಲ್ಲ. ತುದಿಯಿಂದ ಕೆಂಪು ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ನೀವು ಬ್ಯಾಂಡಿನಲ್ಲಿದೀರಾ?"

"ನಮ್ಮ ಬ್ಯಾಂಡಿನಲ್ಲೇ ಇದಾರೆ ಮೇಡಂ" ಎಂದರು ಬ್ಯಾಂಡಿನವರು.

"ಏನು ಬಾರಿಸ್ತೀರಿ?"

ಎಲ್ಲರೂ ಪ್ರೂಫ್ ರೀಡರರನ್ನೇ ನೋಡಿದರು. ಅವರು ತೋಳನ್ನು ಮೇಲಕ್ಕೆ ಸರಿಸಿಕೊಂಡು, "ನಾನು... ಹಿಂದೆ ನಿಂತಿರ್ತೀನಿ" ಎಂದರು.

ಆಕೆ ತಲೆಯಾಡಿಸಿ ಬರೆದುಕೊಂಡರು. ಶಾಲು ಬಿಚ್ಚಿದರು. ಅದರ ಮೂಲೆಯಲ್ಲಿ ನೀಲಿ ದಾರದಲ್ಲಿ, 'ನಮ್ಮ ಪ್ರೀತಿಯ ಟೀಚರ್‌ಗೆ, ಏಳನೇ ತರಗತಿ' ಎಂದು ಕಸೂತಿ ಹಾಕಿತ್ತು. ಆಕೆ ತಲೆ ಎತ್ತಿ ಪ್ರೂಫ್ ರೀಡರರನ್ನು ನೋಡಿದರು.

"ತಪ್ಪು ತಿದ್ದೋರನ್ನೆಲ್ಲ ಟೀಚರ್ ಅನ್ನಬಹುದು" ಎಂದರು ಹೆಡ್‌ಮೇಡಂ. ಹೇಳುವಾಗ ಅವರ ಕಣ್ಣು ಶಾಲನ್ನು ಬಿಟ್ಟು ಕದಲಲಿಲ್ಲ.

ಕೈ ತೊಳೆಯಲು ಬಚ್ಚಲಿಗೆ ಹೋದ ಆಕೆ ಬಕೆಟ್ಟನ್ನು ಕಂಡು ಅಲ್ಲಿಂದಲೇ ಕೇಳಿದರು. "ಇಲ್ಲೂ ಬಟ್ಟೆ ಇದೆಯಲ್ಲ, ಇವೇನು?"

"ನೆಲ ಒರೆಸೋವು ಮೇಡಂ" ಎಂದು ಸೆಕ್ರೆಟರಿಯವರು ತಕ್ಷಣ ಹೇಳಿದರು. ತಮ್ಮ ಮದುವೆಯ ಕೋಟಿಗೆ ಬಂದ ಈ ಹೊಸ ಹೆಸರು ಕೇಳಿ ಹೆಂಡತಿಯ ಹುಬ್ಬು ಮೇಲೇರಿತು. ಆದರೂ ಅವರು ಸುಮ್ಮನೆ ಚಹಾ ಬಸಿದರು.

ಆಕೆ ಬಂದು ಚಹಾ ಕುಡಿದು, ಲೆಕ್ಕ ಕೂಡಿಸಿ, ಕಾಗದವನ್ನು ಪ್ರೂಫ್ ರೀಡರರ ಕೈಗೆ ಕೊಟ್ಟರು. ಮೊತ್ತ ನೋಡಿದ ಸೆಕ್ರೆಟರಿಯವರು ಹೆಮ್ಮೆಯಿಂದ ಉಬ್ಬಿದರು. ಬೆಲೆ ಬಂದದ್ದು ಅವರ ಸೂಟಿಗಲ್ಲವೇ. ಬ್ಯಾಂಡಿನವರು ಹೆಡ್‌ಮೇಡಂ ಕಿವಿಯಲ್ಲಿ, "ನನ್ನ ಕೋಟಿಗೆ ಸೂಟಿಗಿಂತ ಜಾಸ್ತಿ ಹಾಕಿದಾರೆ" ಎಂದು ಪಿಸುಗುಟ್ಟಿದರು. ಪ್ರೂಫ್ ರೀಡರರಿಗೂ ಮೊದಲ ಸಲ ಎದೆ ಸ್ವಲ್ಪ ಹಗುರಾಯಿತು. ಮುಗಿಯಿತಲ್ಲ ಎಂದುಕೊಂಡರು.

ಆಗ ಆಕೆ ಕಿಟಕಿಯ ಬಳಿ ಹೋಗಿ ಕೆಳಕ್ಕೆ ಕೈ ಬೀಸಿದರು. ಡ್ರೈವರು ಎರಡು ದೊಡ್ಡ ಚೀಲ ಹಿಡಿದು ಮೇಲೆ ಬಂದ. ಸೂಟು ಮೊದಲ ಚೀಲಕ್ಕೆ ಹೋಯಿತು.

"ಏನು ಮಾಡ್ತಿದೀರಿ?" ಸೆಕ್ರೆಟರಿಯವರ ದನಿ ತಮ್ಮದಲ್ಲದ ಹಾಗೆ ಬಂತು.

"ಹಾಳಾದ ಮಾಲಿಗೆ ಕಂಪನಿ ಪೂರ್ತಿ ಬೆಲೆ ಕೊಟ್ಟ ಮೇಲೆ ಮಾಲು ಕಂಪನಿದು. ಹರಾಜಿಗೆ ಹೋಗುತ್ತೆ. ಪಾಲಿಸಿಯ ಹದಿನಾಲ್ಕನೇ ಕಲಮು." ಆಕೆ ಪುಸ್ತಿಕೆ ತೆರೆದು ಪ್ರೂಫ್ ರೀಡರರ ಮುಂದೆ ಹಿಡಿದರು. ಪ್ರೂಫ್ ರೀಡರು ಎರಡು ಸಲ ಓದಿದರು. ಒಂದಕ್ಷರ ತಪ್ಪಿರಲಿಲ್ಲ.

ಕೆಂಪು ಕೋಟು ಚೀಲಕ್ಕಿಳಿಯಿತು. ಬ್ಯಾಂಡಿನವರು ಎದ್ದರು, ಕೂತರು, ಮತ್ತೆ ಎದ್ದರು. ಶನಿವಾರ ಅವರ ಬ್ಯಾಂಡಿನ ಕಾರ್ಯಕ್ರಮವಿತ್ತು. ಆದರೆ ಅದು ತಮ್ಮ ಕೋಟು ಎಂದು ಹೇಳುವಂತಿರಲಿಲ್ಲ. ಪ್ರೂಫ್ ರೀಡರರದೆಂದು ಸ್ವಂತ ಕೈಯಲ್ಲಿ ಸಹಿ ಹಾಕಿ ಇನ್ನೂ ಮೂರು ಗಂಟೆ ಕಳೆದಿರಲಿಲ್ಲ.

ಆಕೆ ಶಾಲಿಗೆ ಕೈ ಹಾಕಿದಾಗ ಪ್ರೂಫ್ ರೀಡರರಿಗೆ ತಡೆಯಲಾಗಲಿಲ್ಲ. "ಮೇಡಂ, ಅದು ನನ್ನದಲ್ಲ" ಎಂದರು. "ಯಾವುದೂ ನನ್ನದಲ್ಲ. ಎಲ್ಲಾ ಕೊಟ್ಟುಬಿಡಿ, ಬರೆದದ್ದು ಹೊಡೆದುಹಾಕಿ."

ಆಕೆ ಕನ್ನಡಕದ ಮೇಲಿಂದ ಅವರನ್ನು ನೋಡಿದರು. "ಹೊಡೆದುಹಾಕಬಹುದು. ಹಾಗಾದರೆ ಸುಳ್ಳು ಸಾಕ್ಷಿ ಹಾಕಿದ ಮೂರು ಜನರ ಹೆಸರು ಬರೆದು ಮೇಲೆ ಕಳಿಸಬೇಕಾಗುತ್ತೆ. ಬರೀಲಾ?"

ಪ್ರೂಫ್ ರೀಡರು ಸೋಫಾ ಕಡೆ ನೋಡಿದರು. ಮೂವರೂ ನೆಲ ನೋಡುತ್ತಿದ್ದರು. ಹೆಡ್‌ಮೇಡಂ ಮೆಲ್ಲಗೆ, "ಹೋಗಲಿ ಬಿಡಪ್ಪ. ನಲ್ಲಿ ಬಿಟ್ಟೋಳು ನಾನೇ" ಎಂದರು.

"ನನ್ನದೇ ಮೇಡಂ" ಎಂದರು ಪ್ರೂಫ್ ರೀಡರು. ಶಾಲು ಹೋಯಿತು.

ಆಕೆ ಚಪ್ಪಲಿ ಮೆಟ್ಟುವಾಗ ಹೆಂಡತಿ ಹಿಂದೆಯೇ ಹೋದರು. "ಒಂದು ಮಾತು ಕೇಳ್ತೀನಿ ಮೇಡಂ. ನೆನೆದಿದ್ದು ತೀರಾ ಹಳೇ ಬಟ್ಟೆ ಆಗಿದ್ರೆ ಎಷ್ಟು ಕೊಡ್ತಿದ್ರಿ? ಹತ್ತಿಪ್ಪತ್ತು ವರ್ಷದ್ದು?"

"ಹೊಸದಕ್ಕೆ ಎಷ್ಟೋ ಅಷ್ಟೇ. ನಿಮ್ಮದು ಹಳೆಯದಕ್ಕೆ ಹೊಸದು ಕೊಡೋ ಪಾಲಿಸಿ ಅಲ್ವಾ? ಹಳೇದಾದಷ್ಟೂ ನಿಮಗೇ ಲಾಭ. ಏಳು ಅಂಗಿ, ನಾಲ್ಕು ಪ್ಯಾಂಟು, ಒಂದು ಕೋಟು ಅಂತಿಟ್ಕೊಳ್ಳಿ, ಎಲ್ಲಾ ಹೊಸದೇ ಬರ್ತಿತ್ತು." ಆಕೆ ನಸುನಕ್ಕರು. "ಬಚ್ಚಲಿನ ಬಕೆಟ್ಟು ನೋಡಿ ಹೇಳಿದೆ, ಅಷ್ಟೆ. ಆದರೆ ಅವು ನೆಲ ಒರೆಸೋವಲ್ವಾ?"

ಕೆಳಗೆ ವ್ಯಾನು ಹೊರಟಿತು. ಪ್ರೂಫ್ ರೀಡರೇ, "ಚೆಕ್ಕು ಬಂದ ದಿನ ಮೂರು ಪಾಲು ಮಾಡಿ ನಿಮ್ಮ ಮನೆಗೇ ತಂದ್ಕೊಡ್ತೀನಿ. ನೀವು ಹೊಸದು ಹೊಲಿಸ್ಕೊಳ್ಳಿ" ಎಂದರು. ಬೇಡ ಎಂದು ಮೂವರೂ ಒಂದೊಂದು ಸಲ ಹೇಳಿದರು. ಎರಡನೆಯ ಸಲ ಯಾರೂ ಹೇಳಲಿಲ್ಲ.

ಸಂಜೆ ಐದಕ್ಕೆ ಹೆಂಡತಿ ಬಕೆಟ್ಟಿನ ಬಟ್ಟೆಗಳನ್ನು ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಾಗ ಬ್ಯಾಂಡಿನವರು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತರು.

"ಅಕ್ಕ, ಶನಿವಾರ ಕೋಟಿಲ್ಲದೆ ಬ್ಯಾಂಡಿನಲ್ಲಿ ನಿಲ್ಲಿಸ್ಕೊಳ್ಳಲ್ಲ. ಸಾರ್‌ದೊಂದು ಕೋಟಿತ್ತಲ್ಲ..."

ಪ್ರೂಫ್ ರೀಡರು ಹಗ್ಗದಿಂದ ಕೋಟು ತೆಗೆದು ತಾವೇ ಹಿಡಿದುಕೊಟ್ಟರು. ಬ್ಯಾಂಡಿನವರು ಒಂದು ತೋಳು ತೂರಿಸಿದರು. ಉಸಿರು ಬಿಗಿಹಿಡಿದು ಇನ್ನೊಂದನ್ನೂ ತೂರಿಸಿದರು. ತೋಳು ಮೊಣಕೈಗೇ ಮುಗಿದಿತ್ತು, ಆದರೂ ಎದೆಯ ಗುಂಡಿ ಹೇಗೋ ಕೂತಿತು. ಮೆಟ್ಟಿಲ ಬಳಿ ನಿಂತಿದ್ದ ಹೆಡ್‌ಮೇಡಂ, "ಚೆನ್ನಾಗೇ ಇದೆ. ತುತ್ತೂರಿ ಹಿಡಿದು ಒಂದ್ಸಲ ತೋರಿಸು" ಎಂದರು.

ಬ್ಯಾಂಡಿನವರು ಇಲ್ಲದ ತುತ್ತೂರಿಯನ್ನು ತುಟಿಗಿಟ್ಟು, ಮೊಣಕೈ ಎತ್ತಿ, ಎದೆ ತುಂಬ ಗಾಳಿ ಎಳೆದುಕೊಂಡರು. ಕೋಟು ಬೆನ್ನ ಮೇಲೆ ಕೊರಳಿಂದ ಸೊಂಟದವರೆಗೆ ಒಂದೇ ಗೆರೆಯಲ್ಲಿ ಬಿಚ್ಚಿಕೊಂಡಿತು. ಎರಡು ಮಹಡಿಗೆ ಕೇಳುವಷ್ಟು ಸದ್ದಾಯಿತು. ಸದ್ದು ಕೇಳಿ ಸೆಕ್ರೆಟರಿಯವರು ಓಡಿಬಂದು, ಹರಿದ ಬೆನ್ನನ್ನು ನೋಡಿ, ಒಂದು ಕ್ಷಣ ಯೋಚಿಸಿದರು.

"ಪ್ರೂಫ್ ಸಾರ್, ಬೇಜಾರು ಮಾಡ್ಕೋಬೇಡಿ. ನನ್ನ ಹತ್ರ ಇನ್ನೊಂದು ಫಾರಂ ಇದೆ."

ಇಷ್ಟು ವರ್ಷ ಯಾರಿಗೂ ಬಾಗಿಲು ಹಾಕದ ಆ ಮನೆಯ ಬಾಗಿಲನ್ನು ಪ್ರೂಫ್ ರೀಡರು ಸದ್ದಾಗದ ಹಾಗೆ ಹಾಕಿಕೊಂಡರು. ಒಳಗೆ ಹೆಂಡತಿ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಅವರು ಸ್ವಲ್ಪ ಹೊತ್ತು ಹೆಂಡತಿಯನ್ನು ನೋಡಿದರು. ಆಮೇಲೆ ಮತ್ತೆ ಬಾಗಿಲು ತೆರೆದು, "ಕೋಟು ಬಿಚ್ಚಿ ಕೊಡಿ, ಹೊಲಿದುಕೊಡ್ತೀವಿ" ಎಂದರು. "ಫಾರಂ ಬೇಡ."