ಅಚ್ಚಮ್ಮ ಸಂತೆಗೆ ಹೋಗಿದ್ದಾಳೆ

ಟ್ಯಾಕ್ಸಿ ಅಪ್ಪಲಸಾಮಿ ಬೆಳಗ್ಗೆ ಒಂದು ಮಾತು ಆಡಿಬಿಟ್ಟ, ಸಂಜೆಯ ತನಕ ಅದರ ಬಾಲ ಹಿಡಿದು ಓಡಿದ. ಆಡಿದ್ದಾದರೂ ಏನು? "ಚೆನ್ನಾಗಿದ್ದಾಳಮ್ಮಾ, ಸಂತೆಗೆ ಹೋಗಿದ್ದಾಳೆ." ಅಷ್ಟೇ. ಅವನು ಹೇಳಿದ್ದು ತನ್ನ ಹೆಂಡತಿ ಅಚ್ಚಮ್ಮನ ವಿಷಯ. ಅಚ್ಚಮ್ಮ ಸಕ್ಕರೆ ಕಾಯಿಲೆಯಲ್ಲಿ ಸತ್ತು ನಾಳೆಗೆ ಒಂದು ವರ್ಷ.

ಕೇಳಿದವರು ಡಗ್ಲಸ್ ಮತ್ತು ಮ್ಯೂರಿಯಲ್, ನ್ಯೂಜಿಲೆಂಡಿನ ಮುದಿ ದಂಪತಿ. ಮನೆ ಮಾರಿ ಹಾಯಿದೋಣಿ ಕೊಂಡು ದ್ವೀಪದಿಂದ ದ್ವೀಪಕ್ಕೆ ಅಲೆಯುವ ಜನ. ಚಂಡಮಾರುತದ ಕಾಲ ಮುಗಿದದ್ದೇ ತಡ, ಫಿಜಿಯ ನಮ್ಮ ಸವುಸವು ಕೊಲ್ಲಿಯ ತುಂಬ ಇಂಥವರೇ. ಸುಂಕದವರು ಬಂದು ನೋಡಿ ಹೋಗುವ ತನಕ ದೋಣಿಯ ಮೇಲೆ ಹಳದಿ ಬಾವುಟ ಹಾರಬೇಕು, ದಡಕ್ಕೆ ಕಾಲಿಡುವ ಹಾಗಿಲ್ಲ. ಬಾವುಟ ಇಳಿಯಿತೋ, ಅವರಿಗೆ ಬೇಕಾಗುವುದು ಬಿಸಿ ಬ್ರೆಡ್ಡು, ಬಟ್ಟೆ ಒಗೆಯೋ ಜಾಗ, ಆಮೇಲೆ ಊರು ತೋರಿಸೋಕೆ ಒಂದು ಟ್ಯಾಕ್ಸಿ. ಹತ್ತು ಹನ್ನೆರಡು ವರ್ಷದ ಹಿಂದೆ ಹೀಗೇ ಬಂದು ಇವರು ಹತ್ತಿದ್ದು ಅಪ್ಪಲಸಾಮಿಯ ಗಾಡಿ. ಅವತ್ತು ಅವನ ಮನೆಯಲ್ಲೇ ಊಟವನ್ನೂ ಮಾಡಿದ್ದರು.

ಈಗ ಜೆಟ್ಟಿಯ ಮೇಲೆ ಅವನನ್ನು ಕಂಡ ಕೂಡಲೇ ಮ್ಯೂರಿಯಲ್ ಪುಟ್ಟ ದೋಣಿಯಲ್ಲೇ ಎದ್ದು ನಿಂತಳು. ದೋಣಿ ತೂಗಾಡಿತು. ಡಗ್ಲಸ್ "ಕೂತ್ಕೊಳೇ!" ಅಂತ ಬೈದ. ಅವಳು ಕಿವಿಗೇ ಹಾಕಿಕೊಳ್ಳದೆ ಕೊಲ್ಲಿಗೆಲ್ಲ ಕೇಳುವ ಹಾಗೆ ಕೂಗಿದಳು: "ಸಾಮೀ! ನಿನ್ನ ಹೆಂಡತಿ ಹೇಗಿದ್ದಾಳೆ?"

ಊರಿನವರೆಲ್ಲ ಅಚ್ಚಮ್ಮನ ಹೆಸರು ಬಂದರೆ ದನಿ ತಗ್ಗಿಸುತ್ತಿದ್ದರು. ಒಂದು ವರ್ಷದಿಂದ ಅವಳ ಹೆಸರನ್ನು ಯಾರೂ ಹೀಗೆ ನಗುನಗುತ್ತಾ ಕೇಳಿರಲಿಲ್ಲ. ಭೂಮಿಯ ಮೇಲೆ ಅವಳು ಇನ್ನೂ ಬದುಕಿರುವುದು ಈ ಇಬ್ಬರ ತಲೆಯಲ್ಲಿ ಮಾತ್ರ ಅನ್ನಿಸಿತು ಅವನಿಗೆ. ಅಲ್ಲಿಂದಲೂ ಅವಳನ್ನು ಎತ್ತಿ ಹೊರಗೆ ಹಾಕಲು ಬಾಯಿ ಬರಲಿಲ್ಲ. ಒಂದು ದಿನ ತಾನೆ, ಇರಲಿ ಬಿಡು, ನಾಳೆ ಇವರು ಹೊರಟುಹೋಗುತ್ತಾರೆ, ಅಂದುಕೊಂಡ.

"ಸಂತೆಗಾ? ಹಾಗಾದ್ರೆ ಅಲ್ಲಿಗೇ ಹೋಗೋಣ, ಅವಳನ್ನೂ ಹತ್ತಿಸ್ಕೊಳ್ಳೋಣ!" ಅಂದಳು ಮ್ಯೂರಿಯಲ್.

ಸಿಕ್ಕಿಬಿದ್ದನಲ್ಲ! ಅಪ್ಪಲಸಾಮಿ ಮಾರುಕಟ್ಟೆಯ ಮುಂದೆ ಗಾಡಿ ನಿಲ್ಲಿಸಿ ಒಳಗೆ ಓಡಿದ. ಕೆಸುವಿನ ಗೆಡ್ಡೆಯ ರಾಶಿಯ ಹಿಂದೆ ಬೆವರು ಒರೆಸಿಕೊಳ್ಳುತ್ತಾ ಸ್ವಲ್ಪ ಹೊತ್ತು ನಿಂತ. ಹೊರಗೆ ಬಂದು, "ತಪ್ಪಿಹೋದಳಮ್ಮಾ, ಈಗ ತಾನೇ ಬಸ್ಸಿಗೆ ತಂಗಿ ಮನೆಗೆ ಹೊರಟಳಂತೆ," ಅಂದ. ಹಿಂದೆಯೇ ಹೂವಿನವಳು ಚೆಂಡುಹೂವಿನ ದೊಡ್ಡ ಕಟ್ಟು ತಂದು ಕಿಟಕಿಯೊಳಗೆ ತುರುಕಿದಳು. "ಅಣ್ಣಾ, ನಾಳೆಗೆ ಹೇಳಿದ್ರಲ್ಲ, ಇವತ್ತೇ ಒಯ್ದುಬಿಡಿ. ದುಡ್ಡು ಬೇಡ. ಪುಣ್ಯಾತ್ಗಿತ್ತಿ, ನನ್ನ ಹತ್ರ ಒಂದು ದಿನಾನೂ ಚೌಕಾಸಿ ಮಾಡಿದವಳಲ್ಲ," ಅಂತ ಕಣ್ಣು ಒತ್ತಿಕೊಂಡಳು.

ಹಿಂದಿ ಬಾರದ ಮ್ಯೂರಿಯಲ್, "ಯಾಕೆ ಅಳ್ತಾಳೆ? ಹೂವು ಯಾಕೆ?" ಅಂದಳು.

"ನಾಳೆ ನಮ್ಮ ಮದುವೆಯಾದ ದಿನ, ಅದಕ್ಕೆ," ಅಂದ ಅಪ್ಪಲಸಾಮಿ. ಒಂದು ಸುಳ್ಳು ಮುಚ್ಚಲು ಒಬ್ಬಳೇ ತಂಗಿ ಸಾಲುತ್ತಾಳೆಯೇ?

"ಡಗ್ಲಸ್! ಕೇಳಿದ್ಯಾ! ಮದುವೆ ದಿನವಂತೆ! ಸಾಮೀ, ನಾವು ನಾಳೆ ನಸುಕಿಗೇ ಲಂಗರು ಎತ್ತಬೇಕು. ಸಂಜೆ ಹೊತ್ತು ಮುಳುಗೋದ್ರೊಳಗೆ ಅವಳನ್ನ ಜೆಟ್ಟಿಗೆ ಕರ್ಕೊಂಡ್ ಬಾ. ಅವಳಿಗೆ ಅಂತ ಟೋಪಿ ತಂದಿದ್ದೀನಿ. ನೋಡದೇ ಹೋಗಲ್ಲ ನಾನು."

ಡಗ್ಲಸ್ ಅಷ್ಟರಲ್ಲಿ ಗಾಡಿಯ ಹಿಂದೆ ಇದ್ದ. ಡಿಕ್ಕಿಯ ಬೀಗ ಮುರಿದಿದ್ದರಿಂದ ಅಪ್ಪಲಸಾಮಿ ಹಗ್ಗ ಕಟ್ಟಿದ್ದ. ಆ ಗಂಟು ತಪ್ಪು ಅಂತ ಬಿಚ್ಚಿ ಸಮುದ್ರದ ಗಂಟು ಹಾಕುತ್ತಿದ್ದ ಮುದುಕ. ಅದನ್ನು ಆಮೇಲೆ ಯಾರಿಂದಲೂ ಬಿಚ್ಚಲಾಗಲಿಲ್ಲ, ಕುಡುಗೋಲಿನಲ್ಲಿ ಕೊಯ್ಯಬೇಕಾಯಿತು, ಆ ಮಾತು ಬೇರೆ.

ಬಿಸಿನೀರಿನ ಬುಗ್ಗೆಗೆ ಹೋದರು. ಅಲ್ಲಿ ಹೆಂಗಸರು ಗೋಣಿಚೀಲದಲ್ಲಿ ಗೆಡ್ಡೆ ಕಟ್ಟಿ ಬೇಯಿಸುತ್ತಿದ್ದರು. ಇಷ್ಟು ಬಿಸಿನೀರು ಪುಕ್ಕಟೆ ಹರಿದುಹೋಗುವುದನ್ನು ಕಂಡು ಮ್ಯೂರಿಯಲ್‌ಗೆ ತಡೆಯಲಾಗಲಿಲ್ಲ, ಒಂದು ಮೂಟೆ ಕೊಳೆಬಟ್ಟೆ ಇಳಿಸಿದಳು. ಡಗ್ಲಸ್ ಫೋಟೋ ತೆಗೆಯಲು ಕಲ್ಲಿನ ಮೇಲೆ ಕೂತ, ಕೂತಷ್ಟೇ ಬೇಗ ಎದ್ದ. ಹೆಂಗಸರು ಬಿದ್ದು ಬಿದ್ದು ನಕ್ಕರು. ಅಪ್ಪಲಸಾಮಿ ನಗಲಿಲ್ಲ. ಯಾಕೆಂದರೆ ಮ್ಯೂರಿಯಲ್ ಬಟ್ಟೆ ಹಿಂಡುತ್ತಾ ಅಚ್ಚಮ್ಮನ ಕತೆ ಶುರುಮಾಡಿದ್ದಳು.

"ಅಬ್ಬಾ, ಅವತ್ತು ಎಷ್ಟು ನಗಿಸಿದಳಪ್ಪಾ ನಿನ್ನ ಹೆಂಡತಿ! ನೀನು ಹಾರ್ನ್ ಹೊಡೆಯೋದು, ಕನ್ನಡಿ ನೋಡ್ಕೊಂಡು ಮೀಸೆ ತೀಡೋದು, ಎಲ್ಲ ಮಾಡಿ ತೋರಿಸಿದಳು. ಆಮೇಲೆ ಹಾಡು ಬೇರೆ!"

"ಹಾಡಿದಳಾ?" ಅಂದ ಅಪ್ಪಲಸಾಮಿ. "ನಮ್ಮ ಅಚ್ಚಮ್ಮನಾ?"

ಅವತ್ತು ಅವನು ಇವರನ್ನು ಮನೆಯ ಅಂಗಳದಲ್ಲಿ ಇಳಿಸಿ, "ಊಟ ಹಾಕೇ," ಅಂತ ಒಳಕ್ಕೆ ಕೂಗಿ ಬೇರೆ ಬಾಡಿಗೆಗೆ ಹೋಗಿದ್ದ. ಬಂದಾಗ ಇವರು ಕೈತೊಳೆದು ರಸ್ತೆಯಲ್ಲಿ ನಿಂತಿದ್ದರು. ಒಳಗೆ ಏನು ನಡೆಯಿತೆಂದು ಅವನು ಕೇಳಿರಲಿಲ್ಲ. ಕೇಳಿದ್ದರೂ ಅಚ್ಚಮ್ಮ ಹೇಳುತ್ತಿರಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಆಡಿದ್ದು "ಇನ್ನೊಂದು ರೊಟ್ಟಿ?", "ಸೀಮೆಎಣ್ಣೆ ಮುಗೀತು", ಹೀಗೆ. ಮೂಗಬಸವಿ ಅಂತಲೇ ನೆರೆಯವರು ತಮಾಷೆ ಮಾಡುತ್ತಿದ್ದರು.

"ಇಂಗ್ಲಿಷಿನಲ್ಲಿ ಮಾತಾಡಿದಳಾ?"

"ಪಟಪಟ ಅಂತ! 'ನನ್ನ ಗಂಡ ಊರಿಗೆಲ್ಲ ಸವಾರಿ ಕೊಡ್ತಾನೆ, ನನ್ನೊಬ್ಬಳನ್ನ ಬಿಟ್ಟು. ನಿಮ್ಮ ದೋಣೀಲಿ ಕರ್ಕೊಂಡ್ ಹೋಗಿ, ಸಮುದ್ರ ನೋಡ್ಬೇಕು' ಅಂದಳು. ನಾನು ಮರೆತೇ ಇಲ್ಲ."

ಅಪ್ಪಲಸಾಮಿ ತನ್ನಲ್ಲೇ ಅಂದುಕೊಂಡ: ಎಷ್ಟೊಂದು ಮಾತು ಇತ್ತಲ್ಲ ಇವಳ ಹೊಟ್ಟೆಯಲ್ಲಿ! ದಾರಿಯಲ್ಲಿ ಹೋಗುವವರ ಮುಂದೆ ಆಡಿದಳು, ನನ್ನ ಮುಂದೆ ಯಾಕೆ ಆಡಲಿಲ್ಲ? ನಾನು ಕೇಳಲಿಲ್ಲ, ಅದಕ್ಕೆ. ದುಃಖದ ಜೊತೆಗೇ ಒಂದು ದುರಾಸೆಯೂ ಹುಟ್ಟಿತು. ಸತ್ತವಳ ಬಗ್ಗೆ ಹೊಸದಾಗಿ ಏನೂ ತಿಳಿಯುವುದಿಲ್ಲ ಅಂದುಕೊಂಡಿದ್ದವನಿಗೆ ಹೊಸ ಹೆಂಡತಿಯೇ ಸಿಗುತ್ತಿದ್ದಳು. "ಇನ್ನೇನಂದಳು? ಆಮೇಲೆ?" ಅಂತ ಮಗುವಿನ ಹಾಗೆ ಕೇಳಿದ. ಕೇಳುವ ಭರದಲ್ಲಿ, ಗಾಡಿ ಓಡಿಸುತ್ತಾ ಜಲಪಾತಕ್ಕೆ ತಿರುಗುವ ದಾರಿ ಬಿಟ್ಟು ಮುಂದಕ್ಕೆ ಹೋದ. ತೆಂಗಿನ ತೋಪಿನಲ್ಲಿ ಗಾಡಿ ಸಿಕ್ಕಿಕೊಂಡಿತು. ತಳ್ಳುವಾಗಲೂ ಕೇಳಿದ. "ನೀನು ಮನೇಲಿ ಅವಳ ಜೊತೆ ಮಾತಾಡೋದೇ ಇಲ್ವೇನಯ್ಯಾ?" ಅಂತ ಏದುಸಿರು ಬಿಡುತ್ತಾ ಡಗ್ಲಸ್ಸೇ ಕೇಳಿಬಿಟ್ಟ.

ಮಧ್ಯಾಹ್ನ ಅವರನ್ನು ಜೆಟ್ಟಿಗೆ ಬಿಟ್ಟು ಸ್ಟ್ಯಾಂಡಿಗೆ ಬಂದ. ಅಲ್ಲಿದ್ದವನು ಇಲೈಸಾ. ಫಿಜಿಯ ಮೂಲದವನು, ಅಪ್ಪಲಸಾಮಿಯ ಜೊತೆಯ ಡ್ರೈವರು, ಊರಿನ ಕೆಲಸವೆಲ್ಲ ತನ್ನದೇ ಅನ್ನುವ ಜಾತಿ. ಕತೆ ಕೇಳಿ ಬಾನೆಟ್ ಗುದ್ದಿ ನಕ್ಕ, ನಕ್ಕು ಕಣ್ಣು ಒರೆಸಿಕೊಂಡ.

"ಹೋಗಿ ನಿಜ ಹೇಳ್ಬಿಡೋ ಅಪ್ಪಲ್."

"ಆಗಲ್ಲ ಮಾರಾಯ. ಅವಳು ಅಯ್ಯೋ ಪಾಪ ಅಂತಾಳೆ. ಒಂದು ಸಲ ಅಯ್ಯೋ ಪಾಪ ಅಂದ್ರೆ ಮುಗೀತು, ಅಲ್ಲೂ ಅಚ್ಚಮ್ಮ ಸತ್ತಳು."

ಇಲೈಸಾ ಗಡ್ಡ ಕೆರೆದುಕೊಂಡ. "ಹಾಗಾದ್ರೆ ಒಬ್ಬಳು ಹೆಂಡತಿ ಬೇಕು. ನಿಮ್ಮ ಎದುರುಮನೆ ಸುರುಜ್ವತಿ ಇದ್ದಾಳಲ್ಲ, ಹೋಟೆಲಿನ ಅಂಗಡೀಲಿ ಟೂರಿಸ್ಟರಿಗೆ ಶಂಖ ಮಾರ್ತಿದ್ದವಳು. ಬಾಯಿ ಇದೆ, ಇಂಗ್ಲಿಷ್ ಇದೆ. ಬಿಳಿಯರಿಗೆ ನಿಮ್ಮ ಹೆಂಗಸರೆಲ್ಲ ಒಂದೇ ಥರ ಕಾಣ್ತಾರೆ. ವರ್ಷ ಎಷ್ಟಾಯ್ತು! ಹೋಗು, ಹೋಗು."

ಸುರುಜ್ವತಿ ವಿಧವೆ, ದೊಡ್ಡ ಗಂಟಲಿನ ಹೆಂಗಸು. ಬೈಯುತ್ತಾಳೆ ಅಂತ ಹೆದರುತ್ತಲೇ ಅಪ್ಪಲಸಾಮಿ ವಿಷಯ ಬಿಚ್ಚಿದ. ಅವಳು ಬೈಯಲಿಲ್ಲ. ಒಲೆಯ ಕಡೆ ತಿರುಗಿ ಕೊಳ್ಳಿ ಒಳಕ್ಕೆ ತಳ್ಳಿದಳು.

"ಆಗ್ಲಿ ಅಣ್ಣಾ, ಬರ್ತೀನಿ."

"ಅಚ್ಚಮ್ಮನ ಹಸಿರು ಸೀರೆ ಕೊಡ್ಲಾ?"

"ಬೇಡ. ನಂದೇ ಇದೆ."

"ನೀನು ಅವತ್ತು ಹಾಡಿದ್ದೆ, ನೆನಪಿಟ್ಕೋ. ನಾನು ಮೀಸೆ ತೀಡೋದನ್ನ..."

"ಗೊತ್ತಾಯ್ತು ಬಿಡಣ್ಣಾ! ನೀವು ಬಾಯಿ ಮುಚ್ಕೊಂಡು ನಿಂತ್ರೆ ಸಾಕು."

ಸಂಜೆ ಜೆಟ್ಟಿಯ ಮೇಲೆ ಕೇಕು, ಟೋಪಿ, ಇಬ್ಬರು ಮುದುಕರು. ಅಪ್ಪಲಸಾಮಿಗೆ, ಮುಖ ನೋಡಿ ಇವಳಲ್ಲ ಅಂದರೆ ಮಾನ ಹೋಯಿತು ಅನ್ನುವ ಭಯ ಒಂದು. ಅದಕ್ಕಿಂತ ಒಳಗೆ, ಇವಳಲ್ಲ ಅನ್ನಲಿ ದೇವರೇ ಅನ್ನುವ ಆಸೆ ಇನ್ನೊಂದು.

ಮ್ಯೂರಿಯಲ್ ಒಂದು ಗಳಿಗೆ ದಿಟ್ಟಿಸಿದಳು. ಕಿರುಚಿದಳು. ಓಡಿಬಂದು ಸುರುಜ್ವತಿಯನ್ನು ಅಪ್ಪಿಕೊಂಡಳು.

"ನೀನೇ! ಒಂಚೂರೂ ಬದಲಾಗಿಲ್ವಲ್ಲೇ!"

"ನೀನು ಮಾತ್ರ ಬಡಕಲಾಗಿದ್ದೀಯ," ಅಂದಳು ಸುರುಜ್ವತಿ ಪಟ್ಟನೆ. "ನಿನ್ನ ಗಂಡನ ಗೊರಕೆ ಕಮ್ಮಿ ಆಯ್ತಾ? ಅವತ್ತು ನಮ್ಮ ಜಗಲೀಲಿ ಮಲಗಿ ಕೋಳಿಗಳನ್ನೆಲ್ಲ ಓಡಿಸಿದ್ದ!"

ಡಗ್ಲಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ಸುರುಜ್ವತಿ ಹಾಡಿದಳು, ಅಪ್ಪಲಸಾಮಿಯ ಹಾಗೆ ಮೀಸೆ ತೀಡಿ ತೋರಿಸಿದಳು. ಜೆಟ್ಟಿಯವರೆಲ್ಲ ಚಪ್ಪಾಳೆ ತಟ್ಟಿದರು. ಟೋಪಿ ಅವಳ ತಲೆ ಮೇಲೆ ಕೂತಿತು, ಕೇಕು ಎಲ್ಲರ ಬಾಯಿಗೆ ಬಿತ್ತು. ಆಟ ಇಷ್ಟು ಚೆನ್ನಾಗಿ ನಡೆದದ್ದಕ್ಕೆ ಇಲೈಸಾ ದೂರದಿಂದಲೇ ಹೆಬ್ಬೆರಳು ತೋರಿಸಿದ. ಅಪ್ಪಲಸಾಮಿ ಕೇಕು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದ. ಮುದುಕರ ದೋಣಿ ದಡ ಬಿಟ್ಟಿತು.

ಆಮೇಲೆ ಗಾಡಿಯಲ್ಲಿ ಕೂತು ಅತ್ತುಬಿಟ್ಟ. "ಮರೆತೇ ಇಲ್ಲ ಅಂದಳಲ್ಲ ಸುರುಜ್! ಅಚ್ಚಮ್ಮನ ಮುಖಾನೇ ನೆನಪಿಲ್ಲವಲ್ಲ ಅವರಿಗೆ! ಯಾರನ್ನ ನಿಲ್ಲಿಸಿದ್ರೂ ಅಪ್ಕೋತಿದ್ರು!"

ಸುರುಜ್ವತಿ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

"ಅವರಿಗೆ ನೆನಪು ಸರಿಯಾಗೇ ಇದೆ ಅಣ್ಣಾ," ಅಂದಳು. "ಗೊರಕೆ ವಿಷಯ ನೀವು ನನಗೆ ಹೇಳಿಕೊಟ್ಟಿದ್ರಾ?"

ಅಪ್ಪಲಸಾಮಿಯ ಅಳು ನಿಂತಿತು. ಹೇಳಿಕೊಟ್ಟಿರಲಿಲ್ಲ.

"ಅವತ್ತು ಊಟ ಬಡಿಸಿದವಳು ನಾನೇ. ಬಿಳಿಯರನ್ನ ಅಂಗಳದಲ್ಲಿ ಇಳಿಸಿ ನೀವು ಹೊರಟ್ರಿ. ಅತ್ತಿಗೆ ಹಿತ್ತಲಿಂದ ನಮ್ಮನೆಗೆ ಓಡಿ ಬಂದಳು. 'ನಂಗೆ ಅವರ ಮಾತು ಬರಲ್ಲ, ಮರ್ಯಾದೆ ಹೋಗತ್ತೆ, ನೀನೇ ಮನೆಯವಳು ಅಂತ ಕೂತ್ಕೊಂಡು ಮಾತಾಡು. ನಮ್ಮನೆಯವರಿಗೆ ಮಾತ್ರ ಹೇಳ್ಬೇಡ' ಅಂದಳು. ದೇವರ ಮೇಲೆ ಆಣೆ ಹಾಕಿಸ್ಕೊಂಡಳು. ಅದಕ್ಕೇ ಮಧ್ಯಾಹ್ನ ಸುಮ್ಮನಿದ್ದೆ."

"ಹಾಡಿದ್ದು?"

"ನಾನು."

"ಸಮುದ್ರ ನೋಡ್ಬೇಕು ಅಂದದ್ದು?"

"ಅದೂ ನಾನೇ. ನಂಗಿನ್ನೂ ಆಸೆ ಇದೆ. ನಿಮ್ಮ ಹೆಂಡತಿಗೆ ಜೆಟ್ಟಿ ಮೇಲೆ ನಿಂತ್ರೇ ತಲೆ ಸುತ್ತುತ್ತಿತ್ತು, ಗೊತ್ತಿಲ್ವಾ?"

ಬೆಳಗಿನಿಂದ ಒಂದೊಂದಾಗಿ ಕೂಡಿಸಿಕೊಂಡಿದ್ದ ಹೆಂಡತಿ ಒಂದೇ ಉಸಿರಿಗೆ ಎದುರುಮನೆಯವಳಾಗಿ ಹೋದಳು. ಅಪ್ಪಲಸಾಮಿ ಟೋಪಿಯನ್ನು ನೋಡಿದ. ನಾಳೆ ಅಚ್ಚಮ್ಮನ ಫೋಟೋದ ಮುಂದೆ ಇಡೋಣ ಅಂದುಕೊಂಡಿದ್ದ.

ಸುರುಜ್ವತಿಗೆ ಅರ್ಥವಾಯಿತು. "ಕೊಡಲ್ಲ ಅಣ್ಣಾ," ಅಂದಳು ಮೆಲ್ಲಗೆ. "ಇದು ನನಗೇ ತಂದದ್ದು."

ಅಪ್ಪಲಸಾಮಿ ತಲೆಯಾಡಿಸಿದ. ಗಾಡಿ ಶುರುಮಾಡಲು ಹೋಗಿ ನಿಲ್ಲಿಸಿದ. "ಅವಳು? ಅವಳು ಅಷ್ಟು ಹೊತ್ತು ಏನು ಮಾಡ್ತಿದ್ದಳು?"

"ಅಡುಗೆಮನೆ ಬಾಗಿಲ ಹಿಂದೆ ಇದ್ದಳು. ಬೇಯಿಸಿ ಬೇಯಿಸಿ ಕೊಟ್ಟಳು, ನಾನು ತಂದು ಬಡಿಸಿದೆ."

"ಏನಾದ್ರೂ ಅಂದಳಾ? ನನ್ನ ಬಗ್ಗೆ?"

ಸುರುಜ್ವತಿ ಯೋಚಿಸಿದಳು. ಸುಳ್ಳು ಹೇಳಬಹುದಿತ್ತು, ಅವತ್ತಿಗೆ ಸಾಕಷ್ಟು ಆಗಿತ್ತು.

"ಇಲ್ಲ ಅಣ್ಣಾ. ನೀವು ಉಣ್ಣದೇ ಹೋದಿರಿ ಅಂತ ನಿಮ್ಮ ಪಾಲಿನ ಮೀನು ತೆಗೆದು ಮುಚ್ಚಿಟ್ಟಳು. ನೀನಾದ್ರೂ ಉಣ್ಣೇ ಅಂದೆ. ಅವರು ಬರಲಿ ಅಂತ ಕೂತಳು."

ಅವತ್ತಿನ ಬಾಡಿಗೆ ಮದುವೆ ಮನೆಯದು. ಅಪ್ಪಲಸಾಮಿ ಅಲ್ಲೇ ಕಂಠಪೂರ್ತಿ ಉಂಡು, ರಸ್ತೆಯಲ್ಲಿ ನಿಂತಿದ್ದ ದಂಪತಿಯನ್ನು ಜೆಟ್ಟಿಗೆ ಬಿಟ್ಟು, ಕತ್ತಲಾದ ಮೇಲೆ ಮನೆಗೆ ಬಂದು, "ಹಸಿವಿಲ್ಲ," ಅಂದು ಮಲಗಿಬಿಟ್ಟಿದ್ದ. ಅಚ್ಚಮ್ಮ ಆಗಲೂ ಏನೂ ಅಂದಿರಲಿಲ್ಲ.